ಗುಡ್ಡದ ಮೇಲಿನ 107.8

ಮಂಗಳೂರಿನ ಲೈಟ್‌ಹೌಸ್ ಹಿಲ್‌ಗೆ ಬರುವ ಪ್ರವಾಸಿಗರಲ್ಲಿ ಹೆಚ್ಚಿನವರು ಸಂತ ಅಲೋಶಿಯಸ್ ಚಾಪೆಲ್ ನೋಡಿ ಇಳಿದುಬಿಡುತ್ತಾರೆ. ಇಟಲಿಯಿಂದ ಬಂದ ಜೆಸ್ವಿಟ್ ಬ್ರದರ್ ಅಂಟೋನಿಯೊ ಮೊಸ್ಕೇನಿ ಹತ್ತೊಂಬತ್ತನೇ ಶತಮಾನ ಮುಗಿಯುವ ಹೊತ್ತಿಗೆ ಕುಂಚ ಹಿಡಿದು ಅದರ ಗೋಡೆ, ಚಾವಣಿಗಳನ್ನೆಲ್ಲ ಚಿತ್ರಗಳಿಂದ ತುಂಬಿದರು. ಚಾವಣಿಯಲ್ಲಿರುವುದು ಅಲೋಶಿಯಸ್ ಗೊನ್ಜಾಗರ ಬದುಕು. ಸಿರಿವಂತ ಮನೆತನದ ಹಿರಿಮಗನಾಗಿ ಹುಟ್ಟಿ, ಆಸ್ತಿಯ ಹಕ್ಕು ಬಿಟ್ಟುಕೊಟ್ಟು ಜೆಸ್ವಿಟ್ ಎಂಬ ಕ್ರೈಸ್ತ ಸನ್ಯಾಸಿ ಸಭೆ ಸೇರಿದವರು. 1591ರಲ್ಲಿ ರೋಮ್‌ನಲ್ಲಿ ಪ್ಲೇಗ್ ಹಬ್ಬಿದಾಗ ರೋಗಿಗಳ ಆರೈಕೆಗೆ ಹೋದರು, ಅದೇ ಕಾಯಿಲೆ ತಗುಲಿ ತೀರಿಕೊಂಡರು. ಆಗ ಅವರಿಗೆ 23 ವರ್ಷ, ಇನ್ನೂ ಓದುತ್ತಿದ್ದರು. 1880ರಲ್ಲಿ ಶುರುವಾಗಿ 2024ರಲ್ಲಿ ಡೀಮ್ಡ್ ವಿಶ್ವವಿದ್ಯಾಲಯವಾದ, ಈ ಚಾಪೆಲ್ ಇರುವ ಸಂತ ಅಲೋಶಿಯಸ್ ಕಾಲೇಜಿಗೆ ಸಿಕ್ಕಿರುವುದು ಒಬ್ಬ ವಿದ್ಯಾರ್ಥಿಯ ಹೆಸರು.

ಇದೇ ಆವರಣದಲ್ಲಿ ಪ್ರವಾಸಿಗರ ಕಣ್ಣಿಗೆ ಬೀಳದ ಇನ್ನೊಂದು ಜಾಗವಿದೆ. ಅದು ರೇಡಿಯೋ ಸಾರಂಗ್, 2009ರಿಂದ 107.8 ಎಫ್‌ಎಂನಲ್ಲಿ ನಡೆಯುತ್ತಿರುವ ಸಮುದಾಯ ಬಾನುಲಿ. ಜುಲೈ ಬಂತೆಂದರೆ ಹೊಸ ಹುಡುಗ ಹುಡುಗಿಯರು ಕೊಡೆ ಹಿಡಿದು ಕಾಲೇಜಿನ ಗುಡ್ಡ ಹತ್ತುತ್ತಾರಲ್ಲ, ಅವರಲ್ಲಿ ಊರಿನ ಕಡೆ ಮುಖ ಮಾಡಬೇಕೆನ್ನುವವರಿಗೆ ಇದಕ್ಕಿಂತ ಒಳ್ಳೆಯ ಬಾಗಿಲು ನನಗೆ ಕಂಡಿಲ್ಲ.

ಕಾಲೇಜುಗಳಲ್ಲಿ ಸಮಾಜಸೇವೆ ಅಂದರೆ ಸಾಮಾನ್ಯವಾಗಿ ಎನ್‌ಎಸ್‌ಎಸ್, ಅಂದರೆ ರಾಷ್ಟ್ರೀಯ ಸೇವಾ ಯೋಜನೆ. ಗಾಂಧೀಜಿ ಜನ್ಮಶತಾಬ್ದಿಯ ವರ್ಷವಾದ 1969ರಲ್ಲಿ ಆರಂಭವಾದ ಯೋಜನೆ ಇದು. ಎರಡು ವರ್ಷಕ್ಕೆ 240 ಗಂಟೆ ಕೆಲಸ, ಜೊತೆಗೆ ಏಳು ದಿನದ ಶಿಬಿರ. ಅದರಿಂದ ಆಗಿರುವ ಉಪಕಾರ ದೊಡ್ಡದು, ಅಲ್ಲಗಳೆಯುವುದಿಲ್ಲ. ಆದರೆ ಗಂಟೆ ಲೆಕ್ಕದ ಸೇವೆಗೆ ಒಂದು ಕೆಡುಕು ಅಂಟಿಕೊಂಡೇ ಬರುತ್ತದೆ: ಪೊರಕೆ ಹಿಡಿದು ಸಾಲಾಗಿ ನಿಂತು ಫೋಟೋ ತೆಗೆಸಿಕೊಂಡರೆ ಹಾಜರಿ ಬಿತ್ತು. ಹಳ್ಳಿಯವರ ಹೆಸರು ಕೂಡ ಗೊತ್ತಾಗದೆ ಶಿಬಿರ ಮುಗಿಯುವುದುಂಟು. ರೇಡಿಯೋದಲ್ಲಿ ಹೀಗೆ ತಪ್ಪಿಸಿಕೊಳ್ಳಲಾಗದು. ಎದುರಿಗಿದ್ದವರು ಮಾತಾಡದಿದ್ದರೆ ಕಾರ್ಯಕ್ರಮವೇ ಇಲ್ಲ.

ಸರ್ಕಾರದ ನಿಯಮವೂ ಅದನ್ನೇ ಹೇಳುತ್ತದೆ. ಸಮುದಾಯ ಬಾನುಲಿ ನಡೆಸಲು 2002ರಲ್ಲಿ ಶಿಕ್ಷಣ ಸಂಸ್ಥೆಗಳಿಗೆ ಮಾತ್ರ ತೆರೆದುಕೊಂಡ ಅವಕಾಶ 2006ರಲ್ಲಿ ಸ್ವಯಂಸೇವಾ ಸಂಸ್ಥೆಗಳಿಗೂ ಸಿಕ್ಕಿತು. ಕಾರ್ಯಕ್ರಮಗಳಲ್ಲಿ ಕನಿಷ್ಠ ಅರ್ಧದಷ್ಟು ಸ್ಥಳೀಯ ಜನ ಸೇರಿ ತಯಾರಿಸಿದವೇ ಆಗಿರಬೇಕು. ಸ್ವಂತ ಸುದ್ದಿ ಬಿತ್ತರಿಸುವಂತಿಲ್ಲ, ರಾಜಕೀಯ ಸಲ್ಲದು. ಹವಾಮಾನ, ಕುಡಿಯುವ ನೀರು, ಆರೋಗ್ಯದ ಎಚ್ಚರಿಕೆ, ಪರೀಕ್ಷೆ, ಉದ್ಯೋಗದ ಮಾಹಿತಿ ಕೊಡಬಹುದು. ಟ್ರಾನ್ಸ್‌ಮಿಟರ್ ಪುಟ್ಟದು, ಸದ್ದು ಹತ್ತು ಹದಿನೈದು ಕಿಲೋಮೀಟರ್ ದಾಟಿದರೆ ಹೆಚ್ಚು. ಎಫ್‌ಎಂ ಅಲೆಗಳು ನೇರ ದಾರಿ ಹಿಡಿಯುವುದರಿಂದ ಎತ್ತರ ಬೇಕು. ಜೆಸ್ವಿಟರು ಗುಡ್ಡದ ಮೇಲೆ ಕಾಲೇಜು ಕಟ್ಟಿದ್ದು ಹೀಗೂ ಲಾಭವಾಯಿತೆನ್ನಿ.

ಆ ಹತ್ತು ಹದಿನೈದು ಕಿಲೋಮೀಟರ್‌ನೊಳಗೆ ಬಂದರಿನ ಧಕ್ಕೆಯ ಮೀನುಗಾರರಿದ್ದಾರೆ, ಬೀಡಿ ಕಟ್ಟುವ ಹೆಂಗಸರಿದ್ದಾರೆ, ರಿಕ್ಷಾದವರು, ಅಡಿಕೆ ವ್ಯಾಪಾರಿಗಳು, ಯಕ್ಷಗಾನದ ಭಾಗವತರಿದ್ದಾರೆ. ಅವರಾಡುವ ಮಾತು ಒಂದಲ್ಲ. ಕನ್ನಡ, ತುಳು, ಕೊಂಕಣಿ, ಬ್ಯಾರಿಗಳೆಲ್ಲ ಸಾರಂಗ್‌ನಲ್ಲಿ ಕೇಳಿಬರುತ್ತವೆ. ಹೊಸ ವಿದ್ಯಾರ್ಥಿಗೆ ಇದರ ಬೆಲೆ ಏನೆಂದು ಹೊರಗಿನವರಿಗೆ ತಟ್ಟನೆ ಹೊಳೆಯಲಿಕ್ಕಿಲ್ಲ. ಬಂಟ್ವಾಳದ ಕಡೆಯ ಕನ್ನಡ ಮಾಧ್ಯಮದ ಹುಡುಗಿಯೊಬ್ಬಳನ್ನು ಊಹಿಸಿಕೊಳ್ಳಿ. ತರಗತಿಯಲ್ಲಿ ಇಂಗ್ಲಿಷ್‌ಗೆ ಹೆದರಿ ಹಿಂದಿನ ಬೆಂಚಿನಲ್ಲಿ ಕೂರುವವಳು. ಮನೆಯಲ್ಲಾಡುವ ಬ್ಯಾರಿ ಕಾಲೇಜಿನಲ್ಲಿ ಯಾವ ಉಪಯೋಗಕ್ಕೂ ಬಾರದು ಅಂದುಕೊಂಡಿರುತ್ತಾಳೆ. ರೇಡಿಯೋದವರಿಗೆ ಬೇಕಾಗಿರುವುದು ಅವಳೇ! ಬೀಡಿ ಕಟ್ಟುವ ಅಂಗಳದಲ್ಲಿ ಕೂತು, ‘ದಿನಕ್ಕೆ ಎಷ್ಟು ಕಟ್ತೀರಿ, ಕೈ ನೋವು ಬರುವುದಿಲ್ಲವಾ’ ಎಂದು ಮನೆಮಗಳ ಹಾಗೆ ಕೇಳಬಲ್ಲವರು ಇಂಗ್ಲಿಷ್‌ನಲ್ಲಿ ಭಾಷಣ ಗೆದ್ದವರಲ್ಲ. ಕಾಲೇಜಿನ ಒಳಗಿನ ಮೇಲುಕೀಳು ಅಷ್ಟರ ಮಟ್ಟಿಗೆ ತಲೆಕೆಳಗಾಗುತ್ತದೆ.

ಕೆಲಸ ಸುಲಭದ್ದಲ್ಲ. ಹೊಸಬರು ಪ್ರಶ್ನೆ ಕೇಳಿ ಉತ್ತರವನ್ನೂ ತಾವೇ ಹೇಳಿಬಿಡುತ್ತಾರೆ. ಎದುರಿನವರು ಒಂದು ಗಳಿಗೆ ಸುಮ್ಮನಾದರೆ ಗಾಬರಿಯಾಗಿ ಇನ್ನೊಂದು ಪ್ರಶ್ನೆ ಎಸೆಯುತ್ತಾರೆ. ರೆಕಾರ್ಡಿಂಗ್ ತಂದು ಹೆಡ್‌ಫೋನ್ ಹಾಕಿ ಕೇಳಿದಾಗ ತಮ್ಮದೇ ‘ಹಾಂ, ಹೂಂ, ಸರಿ ಸರಿ’ ಕಿವಿಗೆ ರಾಚುತ್ತದೆ, ಹಿನ್ನೆಲೆಯಲ್ಲಿ ದೋಣಿಯ ಎಂಜಿನ್ನು, ಕಾಗೆ ಬೇರೆ. ಅರ್ಧ ಗಂಟೆಯ ಮಾತನ್ನು ಹತ್ತು ನಿಮಿಷಕ್ಕೆ ಇಳಿಸುವಾಗ ಹೇಳಿದವರ ಅರ್ಥ ಕೆಡದಂತೆ ನೋಡಿಕೊಳ್ಳಬೇಕು. ಯಾಕೆಂದರೆ ಹೇಳಿದವರು ಮರುದಿನ ಅದೇ ಊರಿನಲ್ಲಿ ಕೂತು ಕೇಳುತ್ತಾರೆ. ತಪ್ಪಾಗಿದ್ದರೆ ಬಸ್‌ಸ್ಟ್ಯಾಂಡಿನಲ್ಲೇ ಹಿಡಿದು ಕೇಳಿಯಾರು.

ಜೆಸ್ವಿಟ್ ಶಿಕ್ಷಣ ಸಂಸ್ಥೆಗಳಲ್ಲಿ ಇಂಥ ಕೆಲಸಕ್ಕೆ ಒತ್ತು ಬಂದುದಕ್ಕೆ ಒಂದು ಹಿನ್ನೆಲೆಯಿದೆ. ಪೆದ್ರೊ ಅರುಪೆ ಎಂಬ ಸ್ಪೇನಿನ ಪಾದ್ರಿ ಮೆಡಿಕಲ್ ಓದುತ್ತಿದ್ದವರು, ಅದನ್ನು ಅರ್ಧಕ್ಕೆ ಬಿಟ್ಟು ಸಭೆ ಸೇರಿ ಜಪಾನಿಗೆ ಹೋದರು. 1945ರಲ್ಲಿ ಹಿರೋಷಿಮಾ ಮೇಲೆ ಬಾಂಬು ಬಿದ್ದಾಗ ಊರಂಚಿನಲ್ಲಿದ್ದ ತಮ್ಮ ತರಬೇತಿ ಮಂದಿರವನ್ನೇ ಆಸ್ಪತ್ರೆ ಮಾಡಿಕೊಂಡರು. ಮುಂದೆ ಇಡೀ ಸಭೆಯ ಮುಖ್ಯಸ್ಥರಾಗಿ 1973ರಲ್ಲಿ ವಲೆನ್ಸಿಯಾದಲ್ಲಿ ಹಳೆ ವಿದ್ಯಾರ್ಥಿಗಳೆದುರು ಮಾತಾಡುತ್ತ, ನಮ್ಮ ಶಾಲೆಗಳು ಇತರರಿಗಾಗಿ ಬದುಕುವವರನ್ನು ತಯಾರು ಮಾಡಬೇಕು ಎಂದರು, ಇಷ್ಟು ದಿನ ನ್ಯಾಯದ ಪಾಠ ಸರಿಯಾಗಿ ಕಲಿಸಿಲ್ಲ ಎಂದೂ ಸೇರಿಸಿದರು. ಸಭಿಕರು ಉಳ್ಳವರ ಮಕ್ಕಳು, ಕೆಲವರಿಗೆ ಅದು ರುಚಿಸಲಿಲ್ಲ.

ಗುಡ್ಡ ಹತ್ತುವ ಹುಡುಗ ಹುಡುಗಿಯರಿಗೆ ಅರುಪೆಯವರ ಹೆಸರು ಗೊತ್ತಿರಬೇಕಿಲ್ಲ. ಅವರಲ್ಲಿ ಹಿಂದೂ, ಮುಸ್ಲಿಂ, ಜೈನ, ಕ್ರೈಸ್ತ ಎಲ್ಲರೂ ಇದ್ದಾರೆ. ನನಗೆ ಕಾಣುವ ತೊಡಕು ಬೇರೆಯದು. ಪದವಿ ವಿದ್ಯಾರ್ಥಿ ಇಲ್ಲಿರುವುದೇ ಮೂರು ನಾಲ್ಕು ವರ್ಷ. ಧಕ್ಕೆಯಲ್ಲಿ ನಾಲ್ಕು ಜನ ಗುರುತು ಹಿಡಿದು ‘ಬಲೆ, ಕುಳ್ಳುಲೆ’ ಎಂದು ತುಳುವಿನಲ್ಲಿ ಕರೆದು ಕೂರಿಸುವಷ್ಟು ಸಲಿಗೆ ಬೆಳೆಯುವ ಹೊತ್ತಿಗೆ ಅವರ ಓದು ಮುಗಿದಿರುತ್ತದೆ. ಹಾಗಾಗಿ ಬಿಟ್ಟು ಹೋಗುವವರು ಮೊದಲ ವರ್ಷದವರನ್ನು ಒಮ್ಮೆಯಾದರೂ ಜೊತೆಗೆ ಕರೆದುಕೊಂಡು ಹೋಗಿ, ‘ಅಕ್ಕಾ, ಇನ್ನು ಇವಳು ಬರ್ತಾಳೆ’ ಎಂದು ಪರಿಚಯಿಸಿ ಬರಬೇಕು. ಮೈಕ್ ಹಿಡಿಯುವುದನ್ನು ಸ್ಟುಡಿಯೋದಲ್ಲಿ ಯಾರು ಬೇಕಾದರೂ ಹೇಳಿಕೊಟ್ಟಾರು.