ಧೂಪಿತ ಧಾನ್ಯವೂ ಕೋಳಿಯ ಮೊಟ್ಟೆಯೂ
ಉಗ್ರಾಣದ ಧಾನ್ಯವನ್ನು ಹುಳುಹುಪ್ಪಟೆಗಳಿಂದ ಕಾಪಾಡಲೆಂದು ಹಾಯಿಸಿದ ವಿಷಾನಿಲವು ಗಾಳಿಯಾಡಿದೊಡನೆ ನಿಶ್ಶೇಷವಾಗಿ ತೊಲಗುವುದೆಂದು ನಂಬಿ ಹೀಗೆ ಧೂಪಿತವಾದ ಧಾನ್ಯವನ್ನು ಪಶುಪಕ್ಷಿಗಳಿಗೆ ತಿನ್ನಿಸುವುದು ಕ್ಷೇಮವೇ ಎಂಬ ಪ್ರಶ್ನೆಗೆ ನಾಲ್ಕು ದಿನಗಳ ಪರೀಕ್ಷೆಯು ಉತ್ತರ ಕೊಡಲಾರದು. 1950ರ ದಶಕದಲ್ಲಿ ಇಸ್ರೇಲಿನ ವಿಜ್ಞಾನಿಗಳು ಎಥಿಲೀನ್ ಡೈಬ್ರೋಮೈಡ್ ಎಂಬ ಧೂಪದ್ರವ್ಯದಿಂದ ಧೂಪಿತವಾದ ಧಾನ್ಯವನ್ನು ಕೋಳಿಗಳಿಗೆ ದೀರ್ಘಕಾಲ ತಿನ್ನಿಸಿ ನೋಡಲಾಗಿ, ಮೊಟ್ಟೆಗಳು ಬರಬರುತ್ತ ಕಿರಿದಾದುವು. ಶೇಷಾಂಶವು ಹೆಚ್ಚಿದಲ್ಲಿ ಮೊಟ್ಟೆಯಿಡುವುದೇ ನಿಂತಿತು. ಇಂತಹ ಮಂದಗತಿಯ ಹಾನಿಯನ್ನು ಸಾವುನೋವುಗಳ ಎಣಿಕೆಯೊಂದರಿಂದಲೇ ಕಾಣುವುದು ಅಶಕ್ಯವೆಂಬುದೇ ನನಗೆ ಅತ್ಯಂತ ಗಣನೀಯವಾಗಿ ತೋರುತ್ತದೆ. ಅಮೆರಿಕವು ಧಾನ್ಯದ ಮೇಲೆ ಈ ದ್ರವ್ಯದ ಪ್ರಯೋಗವನ್ನು ತಡೆದದ್ದು 1984ರಲ್ಲಿ.

ಇಂತಹ ಮಂದಗತಿಯ ಹಾನಿಯನ್ನು ಕಾಣಲೆಂದೇ ಇಲಿಗಳಿಗೆ, ಅವುಗಳ ಆಯುಷ್ಯದ ಬಹುಭಾಗವೆನಿಸುವ ಎರಡು ವರ್ಷಗಳ ಕಾಲ, ಧೂಪಿತ ಆಹಾರವನ್ನೇ ಉಣಿಸಿ, ಧೂಪವಿಲ್ಲದ ಅದೇ ಆಹಾರವನ್ನುಂಡ ಇನ್ನೊಂದು ಗುಂಪಿನೊಡನೆ ತೂಕ, ರಕ್ತ, ಅಂಗಾಂಗಗಳ ಊತಕ ಇವೆಲ್ಲವನ್ನೂ ಹೋಲಿಸುವ ಕ್ರಮವುಂಟು. ಅಲ್ಯೂಮಿನಿಯಂ ಫಾಸ್ಫೈಡಿನಿಂದ ಧೂಪಿಸಿದ ಆಹಾರದ ಇಂತಹದೊಂದು ಪರೀಕ್ಷೆ 1972ರಲ್ಲಿ ಪ್ರಕಟವಾಗಿ, ಇಲಿಗಳಲ್ಲಿ ಹಾನಿ ಕಾಣಲಿಲ್ಲವೆಂದು ವರದಿಮಾಡಿತು. ಮೀಥೈಲ್ ಬ್ರೋಮೈಡ್ ಎಂಬ ಇನ್ನೊಂದು ಧೂಪಾನಿಲದ ಸಂಗತಿ ಬೇರೆ: ಅನಿಲವು ಹೋದರೂ ಧಾನ್ಯದ ಪ್ರೋಟೀನುಗಳೊಡನೆ ವರ್ತಿಸಿ ಬ್ರೋಮೈಡನ್ನು ಉಳಿಸಿಹೋಗುವುದರಿಂದ, ತಿನ್ನಿಸುವ ವೇಳೆಯ ಆಹಾರದಲ್ಲಿ ಅನಿಲವನ್ನೂ ಬ್ರೋಮೈಡನ್ನೂ ಪ್ರತ್ಯೇಕವಾಗಿಯೇ ಅಳೆಯಬೇಕಾಗುತ್ತದೆ.