ನಿಮಗಿದು ಗೊತ್ತೆ? ನೆಲ್ಲಿಮರದ ಬಂದಳಿಕೆಗೆ ಬೆಂಕಿಯೇ ಮದ್ದು ಎನ್ನುತ್ತಾರೆ ಸೋಲಿಗರು!

ಚಾಮರಾಜನಗರ ಜಿಲ್ಲೆಯ ಬಿಳಿಗಿರಿರಂಗನ ಬೆಟ್ಟದಲ್ಲಿ ನೆಲ್ಲಿಮರಕ್ಕೆ ಹತ್ತುವ ಬಂದಳಿಕೆಯನ್ನು ಅಲ್ಲಿನ ಬುಡಕಟ್ಟಿನವರಾದ ಸೋಲಿಗರು ‘ಉಪ್ಪಿಲು’ ಎನ್ನುತ್ತಾರೆ. ಕೊಂಬೆಯೊಳಕ್ಕೇ ಬೇರಿಳಿಸಿ ಮರದ ನೀರು ಹೀರುವ ಗಿಡ ಇದು. ಈಚೆಗೆ ಇದು ಹೆಚ್ಚಿದ್ದೇಕೆ ಎಂದರೆ ಅವರ ಉತ್ತರ ನೇರ: ‘ತರಗು ಬೆಂಕಿ’ ನಿಂತಿತಲ್ಲ, ಅದಕ್ಕೆ. ಬಿಸಿಲು ಬಲಿಯುವ ಮೊದಲೇ ತರಗೆಲೆಗೆ ಹಚ್ಚುತ್ತಿದ್ದ ಈ ಸಣ್ಣ ಬೆಂಕಿ ನೆಲಮಟ್ಟದಲ್ಲೇ ಓಡಿ ಆರುತ್ತಿತ್ತು. 1974ರಲ್ಲಿ ಕಾಡು ವನ್ಯಧಾಮವಾಯಿತು, ಬೆಂಕಿಗೆ ತಡೆ ಬಿತ್ತು. ಲಂಟಾನ ಕಳೆ ಹಬ್ಬಿದ್ದಕ್ಕೂ ಅವರು ಹೇಳುವ ಕಾರಣ ಇದೇ.

ಬೆಂಗಳೂರಿನ ಏಟ್ರೀ ಸಂಸ್ಥೆಯ ವಿಜ್ಞಾನಿಗಳು ಈ ಮಾತನ್ನು ಕಾಡುಹರಟೆ ಎಂದು ತಳ್ಳಿಹಾಕಲಿಲ್ಲ. ಸೋಲಿಗರ ಜೊತೆಗೂಡಿ ನೆಲ್ಲಿ ಫಸಲಿನ ಅಂದಾಜು ಮಾಡಿದರು, ಮರಗಳನ್ನು ವರ್ಷವರ್ಷ ಗಮನಿಸಿದರು. ಬಂದಳಿಕೆ ಹತ್ತಿದ ಮರದಲ್ಲಿ ಕಾಯಿ ಕಡಿಮೆ ಎಂಬುದು ಅಧ್ಯಯನದಲ್ಲೂ ಕಂಡಿತು. 1997ರಿಂದ 2008ರೊಳಗೆ ಲಂಟಾನ ಸುಮಾರು ದುಪ್ಪಟ್ಟಾಗಿತ್ತು! ಸೋಲಿಗರಲ್ಲೇ ಹುಟ್ಟಿ ಬೆಳೆದ ಡಾ. ಸಿ. ಮಾದೇಗೌಡ ಇದೇ ಸಂಸ್ಥೆಯ ಸಂಶೋಧಕರಾದರು.

ಉತ್ತರ ಧ್ರುವದ ಕಡೆಯೂ ಇಂಥದ್ದೇ ಕಥೆ. ತಿಮಿಂಗಿಲ ತೀರಾ ಕಡಿಮೆಯಾಗಿದೆ ಎಂದು 1977ರಲ್ಲಿ ಬೇಟೆ ನಿಷೇಧಿಸಿದಾಗ, ಅಲಾಸ್ಕದ ಇನುಪಿಯಾಟ್ ಬೇಟೆಗಾರರು ‘ಅವು ಮಂಜುಗಡ್ಡೆಯ ಕೆಳಗೂ ಈಜುತ್ತವೆ, ನೀವು ಎಣಿಸಿಲ್ಲ’ ಎಂದರು. ವಿಜ್ಞಾನಿಗಳು ನೀರಿಗೆ ಮೈಕ್ ಇಳಿಸಿ ಕೇಳಿದರು. ಬೇಟೆಗಾರರ ಮಾತೇ ನಿಜವಾಯಿತು.

2011ರಲ್ಲಿ ಬಿಳಿಗಿರಿಯ ಸೋಲಿಗರಿಗೆ ಸಾಮುದಾಯಿಕ ಅರಣ್ಯ ಹಕ್ಕು ಸಿಕ್ಕಿತು. ಹುಲಿ ಸಂರಕ್ಷಿತ ಪ್ರದೇಶವೊಂದರೊಳಗೆ ಇಂಥ ಹಕ್ಕು ದೇಶದಲ್ಲೇ ಮೊದಲು. ಅದೇ ಕಾಡಲ್ಲಿ ಸಿಕ್ಕ ಹೊಸ ಕಣಜದ ಕುಲಕ್ಕೆ 2022ರಲ್ಲಿ ಏಟ್ರೀ ಸಂಶೋಧಕರು ಇಟ್ಟ ಹೆಸರು ‘ಸೋಲಿಗ’.