ಕೃಷ್ಣೆಯ ದಡದ ಸೂಪರ್‌ಹೀರೊ ಯಾವ ಚಪ್ಪಲಿ ಮೆಟ್ಟುತ್ತಾನೆ?

ನಿಪ್ಪಾಣಿಯ ಹೆಸರು ಕೇಳದ ಬ್ಯಾರಿ ಮನೆ ಕಡಿಮೆ. ನಮ್ಮ ಉಮ್ಮಂದಿರು ಗೆರಸೆಯನ್ನು ಮಡಿಲಲ್ಲಿಟ್ಟು ಬೀಡಿ ಕಟ್ಟಿದ ಕಾಲದಿಂದಲೂ ನಿಪ್ಪಾಣಿ ಸೀಮೆಯ ಹೊಗೆಸೊಪ್ಪಿಗೆ ನಮ್ಮಲ್ಲಿ ಹೆಸರಿದೆ. ಆ ಊರಿನ ವಾಸನೆ ನಮಗೆ ಗೊತ್ತು. ಆದರೆ ಅಲ್ಲಿನ ಜನ ಹೇಗಿದ್ದಾರೆ, ಏನು ಉಡುತ್ತಾರೆ, ಕಾಲಿಗೆ ಏನು ಮೆಟ್ಟುತ್ತಾರೆ ಎಂದು ಕೇಳಿದರೆ ಹೆಚ್ಚಿನವರು ಸುಮ್ಮನಾಗುತ್ತೇವೆ.

ಈಗ ಒಂದು ಪ್ರಶ್ನೆ. ಬೆಳಗಾವಿ ಜಿಲ್ಲೆಯ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ತಾಲೂಕುಗಳ ಮಕ್ಕಳಿಗಾಗಿ ಒಬ್ಬ ಹೊಸ ಸೂಪರ್‌ಹೀರೊನನ್ನು ಬರೆದುಕೊಡಿ ಎಂದು ಯಾರಾದರೂ ಕಾಮಿಕ್ಸ್ ಕಲಾವಿದನಿಗೆ ಹೇಳಿದರೆ ಆತ ಎಲ್ಲಿಂದ ಶುರು ಮಾಡಬೇಕು? ತಮಾಷೆ ಅನ್ನಿಸಬಹುದು. ಆದರೆ ನಮ್ಮ ಮಕ್ಕಳ ಶಾಲಾ ಚೀಲ, ನೀರಿನ ಬಾಟಲಿ, ಟೀ ಶರ್ಟ್ ಮೇಲೆ ನಿಂತಿರುವ ಹೀರೊಗಳನ್ನು ನೋಡಿ. ಹೆಚ್ಚಿನವರು ಅಮೆರಿಕದವರು. ತನ್ನ ಊರಿನವನು, ತನ್ನ ಮನೆಯವನು ಯಾಕೆ ಅಲ್ಲಿಲ್ಲ ಎಂದು ಮಗು ಬಾಯಿಬಿಟ್ಟು ಕೇಳುವುದಿಲ್ಲ. ಆದರೆ ಹೀರೊ ಅಂದರೆ ಬೇರೆಯವರು ಎಂದು ಮನಸ್ಸಿನಲ್ಲೇ ತೀರ್ಮಾನ ಮಾಡಿಬಿಡುತ್ತದೆ.

ಮೊದಲು ಕೆಲಸದ ವಿಷಯ ಹೇಳುತ್ತೇವೆ. ಸೂಪರ್‌ಹೀರೊನನ್ನು ಒಂದು ಸಲ ಚಂದ ಬರೆದರೆ ಮುಗಿಯಲಿಲ್ಲ. ಒಂದು ಪುಸ್ತಕದಲ್ಲಿ ಅದೇ ಆಳನ್ನು ಓಡುವಾಗ, ಬೀಳುವಾಗ, ಬೆನ್ನು ತಿರುಗಿಸಿದಾಗ ನೂರಾರು ಸಲ ಬರೆಯಬೇಕು. ಹಾಗಾಗಿ ಗೆರೆ ಕಡಿಮೆ ಇರಬೇಕು, ಬಣ್ಣ ಎರಡೋ ಮೂರೋ ಸಾಕು. ಇಡೀ ಚಿತ್ರಕ್ಕೆ ಕಪ್ಪು ಮಸಿ ಬಳಿದರೂ ನೆರಳು ನೋಡಿಯೇ ಇಂಥವನು ಎಂದು ಗೊತ್ತಾಗಬೇಕು. ಕಲಾವಿದರು ಇದನ್ನೇ ಮೊದಲ ಪರೀಕ್ಷೆ ಮಾಡುತ್ತಾರೆ. ಮುದ್ರಣಾಲಯದ ಮಾತೂ ಕೇಳಬೇಕಾಗುತ್ತದೆ. 1962ರಲ್ಲಿ ಹಲ್ಕ್ ಮೊದಲ ಸಂಚಿಕೆಯಲ್ಲಿ ಬೂದು ಬಣ್ಣದವನಾಗಿದ್ದ. ಅಚ್ಚಿನಲ್ಲಿ ಆ ಬೂದು ಪುಟಕ್ಕೊಂದು ತರ ಬಂತು. ಎರಡನೇ ಸಂಚಿಕೆಯಿಂದ ಆತ ಹಸಿರಾದ.

ಕರಾವಳಿಯಲ್ಲಿ ಬಾಲಮಂಗಳ ಓದಿ ಬೆಳೆದವರಿಗೆ ಡಿಂಗನ ನೆನಪು ಇದ್ದೇ ಇರುತ್ತದೆ. 1983ರಲ್ಲಿ ಮಲಯಾಳಂನಲ್ಲಿ ಡಿಂಕನ್ ಎಂಬ ಹೆಸರಲ್ಲಿ ಹುಟ್ಟಿದ ಆ ಇಲಿ ಕನ್ನಡಕ್ಕೆ ಬಂದು ಡಿಂಗ ಆಯಿತು. ಎರಡು ಕಿವಿ, ಒಂದು ಬಾಲ ಎಳೆದರೆ ಡಿಂಗ ರೆಡಿ! ನೋಟ್‌ಬುಕ್‌ನ ಕೊನೆಯ ಪುಟದಲ್ಲಿ ಮಕ್ಕಳೇ ಬರೆಯಬಹುದಾದ ಹೀರೊ ಅವನು. ಒಳ್ಳೆಯ ವಿನ್ಯಾಸ ಅಂದರೆ ಇದು.

ಇನ್ನು ವೇಷದ ಮಾತು. ನಮ್ಮ ರಾಜ್ಯದಲ್ಲೇ ಒಂದು ದೊಡ್ಡ ಉದಾಹರಣೆ ಇದೆ. 2004ರಲ್ಲಿ ಬೆಂಗಳೂರಿನಿಂದ ಕೆಲಸ ಮಾಡುತ್ತಿದ್ದ ಗೋಥಮ್ ಸಂಸ್ಥೆ ಅಮೆರಿಕದ ಮಾರ್ವೆಲ್ ಜೊತೆ ಸೇರಿ ಭಾರತದ ಸ್ಪೈಡರ್‌ಮ್ಯಾನ್‌ನನ್ನು ತಂದಿತು. ಚಿತ್ರ ಬರೆದವರು ಜೀವನ್ ಜೆ. ಕಾಂಗ್. ಶರದ್ ದೇವರಾಜನ್, ಸುರೇಶ್ ಸೀತಾರಾಮನ್ ಜೊತೆಗಿದ್ದರು. ಪೀಟರ್ ಪಾರ್ಕರ್ ಇಲ್ಲಿ ಪವಿತ್ರ್ ಪ್ರಭಾಕರ್ ಆದ. ಹಳ್ಳಿಯಿಂದ ಮುಂಬೈಗೆ ಓದಲು ಬಂದ ಹುಡುಗ. ಸಾಕುವವರು ಮಾಯಾ ಚಿಕ್ಕಮ್ಮ ಮತ್ತು ಭೀಮ್ ಚಿಕ್ಕಪ್ಪ. ಕಲಾವಿದ ಮುಖವಾಡ, ಬಲೆಯ ಗೆರೆ, ದೊಡ್ಡ ಬಿಳಿ ಕಣ್ಣು ಹಾಗೇ ಉಳಿಸಿಕೊಂಡರು. ಸೊಂಟದ ಕೆಳಗೆ ಬಿಗಿ ಪ್ಯಾಂಟ್ ತೆಗೆದು ಧೋತಿ ಉಡಿಸಿದರು. ನೆರಳು ನೋಡಿದರೆ ಸಾಕು, ಇದು ನ್ಯೂಯಾರ್ಕಿನವನಲ್ಲ ಎಂದು ಗೊತ್ತಾಗುತ್ತದೆ. ನಾಲ್ಕೇ ಸಂಚಿಕೆ ಬಂದದ್ದು. ಆದರೂ 2023ರಲ್ಲಿ ಸ್ಪೈಡರ್‌ಮ್ಯಾನ್ ಆನಿಮೇಷನ್ ಸಿನಿಮಾದಲ್ಲಿ ಇದೇ ಪವಿತ್ರ್ ಕೈಗೆ ಚಿನ್ನದ ಬಳೆ, ಮುಖವಾಡದ ಮೇಲೆ ಹಾರುವ ಕೂದಲು ಹೊತ್ತು ಜಗತ್ತಿನ ಮುಂದೆ ನಿಂತ. ಆ ಸಿನಿಮಾ ಕನ್ನಡ, ಮರಾಠಿ ಸೇರಿ ಭಾರತದಲ್ಲಿ ಹತ್ತು ಭಾಷೆಗಳಲ್ಲಿ ಬಂತು.

ಆದರೆ ಧೋತಿ ಉಡಿಸಿದ ಕೂಡಲೇ ಹೀರೊ ನಮ್ಮವನಾಗುತ್ತಾನಾ? ಹೆಸರು ಪೀಟರ್ ಪಾರ್ಕರ್‌ನ ಪ್ರತಿಧ್ವನಿ, ಶಕ್ತಿ ಕೊಟ್ಟದ್ದು ಒಬ್ಬ ಯೋಗಿ. ಭಾರತ ಅಂದರೆ ಧೋತಿ ಮತ್ತು ಯೋಗಿ ಎಂಬುದು ದೂರದಿಂದ ನೋಡುವವರ ಲೆಕ್ಕ. ಹತ್ತಿರ ಹೋದರೆ ಊರಿಗೊಂದು ಉಡುಪು, ಓಣಿಗೊಂದು ಭಾಷೆ.

ಇದಕ್ಕೂ ಮೊದಲು, 1976ರಲ್ಲಿ, ಬೇರೊಂದು ದಾರಿ ಹಿಡಿದವರು ಗುಜರಾತಿನಲ್ಲಿ ಹುಟ್ಟಿದ ಆಬಿದ್ ಸೂರ್ತಿ. ಇಂದ್ರಜಾಲ ಕಾಮಿಕ್ಸ್‌ಗಾಗಿ ಅವರು ಸೃಷ್ಟಿಸಿದ ಬಹಾದ್ದೂರ್‌ಗೆ ಹಾರಲು ಬರುತ್ತಿರಲಿಲ್ಲ, ಮುಖವಾಡವೂ ಇರಲಿಲ್ಲ. ಡಕಾಯಿತನ ಮಗ. ಅಪ್ಪನನ್ನು ಕೊಂದ ಪೊಲೀಸ್ ಅಧಿಕಾರಿಯೇ ಸಾಕಿ ಬೆಳೆಸಿದ ಹುಡುಗ. ದೊಡ್ಡವನಾಗಿ ಊರ ಜನರನ್ನೇ ಸೇರಿಸಿ ಡಕಾಯಿತರ ವಿರುದ್ಧ ರಕ್ಷಣಾ ದಳ ಕಟ್ಟುತ್ತಾನೆ. ಚಿತ್ರಕಾರ ಗೋವಿಂದ ಬ್ರಹ್ಮಾನಿಯಾ ಆತನಿಗೆ ಕೊಟ್ಟದ್ದು ಕುರ್ತಾ ಮತ್ತು ಜೀನ್ಸ್. ಆ ಕಾಲದ ಕಾಲೇಜು ಹುಡುಗರು ಹಾಕುತ್ತಿದ್ದದ್ದೂ ಅದೇ ತಾನೇ! ಚಂಬಲ್ ಕಣಿವೆಯ ಭಯ ಏನು ಎಂದು ನೋಡಿ, ಆ ಭಯಕ್ಕೆ ತಕ್ಕ ಹೀರೊನನ್ನು ತಂದರು. ವೇಷ ಆಮೇಲೆ ತಾನಾಗಿ ಬಂತು.

ನಮ್ಮ ಹೆಣ್ಣುಮಕ್ಕಳಿಗೆ ಹತ್ತಿರವಾದ ಉದಾಹರಣೆ ಕಮಲಾ ಖಾನ್. 2014ರಲ್ಲಿ ಮಿಸ್ ಮಾರ್ವೆಲ್ ಎಂಬ ಹೆಸರಲ್ಲಿ ಸ್ವಂತ ಪುಸ್ತಕ ಪಡೆದ ಈ ಹುಡುಗಿ ಅಮೆರಿಕದ ಜರ್ಸಿ ಸಿಟಿಯ ಪಾಕಿಸ್ತಾನಿ ಮೂಲದ ಮನೆಯವಳು. ಸಂಪಾದಕಿ ಸನಾ ಅಮಾನತ್, ಬರೆದವರು ಜಿ. ವಿಲ್ಲೋ ವಿಲ್ಸನ್, ಚಿತ್ರ ಏಡ್ರಿಯನ್ ಅಲ್ಫೋನಾ, ವೇಷದ ವಿನ್ಯಾಸ ಜೇಮೀ ಮೆಕೆಲ್ವಿ. ಶಕ್ತಿ ಬಂದಾಗ ಕಮಲಾ ಮೊದಲು ಹೊಂಬಣ್ಣದ ಕೂದಲಿನ ಬಿಳಿ ಹೆಂಗಸಿನ ರೂಪ ತಾಳುತ್ತಾಳೆ. ಹೀರೊ ಅಂದರೆ ಹಾಗೇ ಇರಬೇಕು ಎಂದು ಅವಳೂ ನಂಬಿದ್ದಳು! ಆಮೇಲೆ ಆ ರೂಪ ತನಗೆ ಒಗ್ಗುವುದಿಲ್ಲ ಎಂದು ತಿಳಿದು, ಮನೆಯಲ್ಲಿದ್ದ ಬುರ್ಕಿನಿಯನ್ನೇ ತಿದ್ದಿ ತನ್ನ ವೇಷ ಮಾಡಿಕೊಳ್ಳುತ್ತಾಳೆ. ಮೈ ಮುಚ್ಚುವ ಉದ್ದ ಅಂಗಿ, ದುಪಟ್ಟಾದಂತೆ ಹಾರುವ ಶಾಲು. ಮೊದಲ ಸಂಪುಟಕ್ಕೆ 2015ರಲ್ಲಿ ಹ್ಯೂಗೋ ಪ್ರಶಸ್ತಿ ಬಂತು. ಇಲ್ಲಿ ವೇಷವೇ ಅರ್ಧ ಕಥೆ ಹೇಳಿತು.

ಈಗ ಐದು ತಾಲೂಕಿಗೆ ಬರೋಣ. ಕಲಾವಿದ ಕಾಲಿನಿಂದ ಶುರು ಮಾಡಲಿ. ಅಥಣಿ, ನಿಪ್ಪಾಣಿ ಸೀಮೆಯಲ್ಲಿ ಕೈಯಲ್ಲೇ ಹೊಲಿಯುವ ಚರ್ಮದ ಚಪ್ಪಲಿಗೆ ಜಗತ್ತಿನಲ್ಲಿ ಕೊಲ್ಹಾಪುರಿ ಎಂದು ಹೆಸರು. ಹಳೆಯ ಪದ್ಧತಿಯಲ್ಲಿ ಇದಕ್ಕೆ ಮೊಳೆ ಹೊಡೆಯುವುದಿಲ್ಲ, ಚರ್ಮದ ದಾರದಲ್ಲೇ ಹೊಲಿಗೆ. 2019ರಲ್ಲಿ ಸುದ್ದಿಯಾದ ಭೌಗೋಳಿಕ ಗುರುತಿನ ಮಾನ್ಯತೆ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳ ಜೊತೆ ಬೆಳಗಾವಿ ಸೇರಿ ಕರ್ನಾಟಕದ ನಾಲ್ಕು ಜಿಲ್ಲೆಗಳಿಗೂ ಸಿಕ್ಕಿದೆ. 2025ರ ಜೂನ್‌ನಲ್ಲಿ ಇಟಲಿಯ ಪ್ರಾಡಾ ಕಂಪೆನಿ ಮಿಲಾನ್‌ನ ಫ್ಯಾಷನ್ ಶೋದಲ್ಲಿ ಇದೇ ತರದ ಚಪ್ಪಲಿ ತೋರಿಸಿತು, ಮೂಲದ ಹೆಸರು ಹೇಳಲಿಲ್ಲ. ಗಲಾಟೆ ಎದ್ದ ಮೇಲೆ ಭಾರತದ ಪಾರಂಪರಿಕ ಚಪ್ಪಲಿಯೇ ಪ್ರೇರಣೆ ಎಂದು ಒಪ್ಪಿಕೊಂಡಿತು. ಅಂಥ ಚಪ್ಪಲಿ ಮೆಟ್ಟಿದ ಹೀರೊನನ್ನು ನೆರಳಿನಲ್ಲೂ ಗುರುತಿಸಬಹುದು. ಆತನಿಗೆ ಅಮೆರಿಕದ ಬೂಟು ಯಾಕೆ?

ಬಣ್ಣ ಬೇಕಾ? ರಾಯಬಾಗ ತಾಲೂಕಿನ ಚಿಂಚಲಿ ಮಾಯಕ್ಕನ ಜಾತ್ರೆಯಲ್ಲಿ ಹಾರುವ ಭಂಡಾರದ ಹಳದಿ ಇದೆ, ಕಬ್ಬಿನ ಗದ್ದೆಯ ಹಸಿರು ಇದೆ. ಅದೇ ತಾಲೂಕಿನ ಕುಡಚಿಯಲ್ಲಿ ದರ್ಗಾ ಇದೆ, ದೊಡ್ಡ ಮುಸ್ಲಿಂ ವಸತಿ ಇದೆ.

ಶತ್ರು ಯಾರು? ಬೇರೆ ಗ್ರಹದಿಂದ ಬರಬೇಕಾಗಿಲ್ಲ. ಮಹಾರಾಷ್ಟ್ರದಲ್ಲಿ ಮಳೆ ಜೋರಾಗಿ ಜಲಾಶಯಗಳ ನೀರು ಬಿಟ್ಟರೆ ಕೃಷ್ಣೆ, ದೂಧಗಂಗಾ, ವೇದಗಂಗಾ ಉಕ್ಕುತ್ತವೆ. ಚಿಕ್ಕೋಡಿ ತಾಲೂಕಿನ ಕಲ್ಲೋಳ–ಯಡೂರ ನಡುವಿನ ಸೇತುವೆ ಮಳೆಗಾಲದಲ್ಲಿ ಮುಳುಗಿತು ಎಂಬ ಸುದ್ದಿ ಪತ್ರಿಕೆಯಲ್ಲಿ ಮತ್ತೆ ಮತ್ತೆ ಬರುತ್ತದೆ. 2019ರ ಆಗಸ್ಟ್‌ನಲ್ಲಿ ಜನ ಮನೆ, ಬೆಳೆ, ದನಕರು ಬಿಟ್ಟು ಓಡಿದರು. ಇಲ್ಲಿನ ಹೀರೊಗೆ ಗುದ್ದುವ ಬಲಕ್ಕಿಂತ ನೀರಿನಲ್ಲಿ ನಿಲ್ಲುವ ಬಲ ಮುಖ್ಯ.

ಕೊನೆಗೆ ಮಾತು. ಈ ಗಡಿಯಲ್ಲಿ ಕನ್ನಡ, ಮರಾಠಿ ಎರಡೂ ಒಂದೇ ಅಂಗಡಿಯಲ್ಲಿ ನಡೆಯುತ್ತವೆ. ಮುಸ್ಲಿಂ ಮನೆಗಳಲ್ಲಿ ದಖ್ಖನಿ ಉರ್ದು. ಕಲಾವಿದನ ನಿಜವಾದ ಪರೀಕ್ಷೆ ಇಲ್ಲೇ. ನಮಗೆ ಇದು ಚೆನ್ನಾಗಿ ಗೊತ್ತು. ಸಿನಿಮಾಗಳಲ್ಲಿ ಮುಸ್ಲಿಂ ಪಾತ್ರ ಬಂದರೆ ಸಾಕು, “ನಮ್ದು, ನಿಮ್ದು” ಎಂದು ಹರಕು ಕನ್ನಡ ಆಡಿಸುತ್ತಾರೆ. ಮನೆಯಲ್ಲಿ ಬ್ಯಾರಿ, ಅಂಗಡಿಯಲ್ಲಿ ತುಳು, ಶಾಲೆಯಲ್ಲಿ ಕನ್ನಡ ಮಾತಾಡುವ ನಮ್ಮ ಮಕ್ಕಳು ಅದನ್ನು ನೋಡಿ ಇದು ಯಾರಪ್ಪಾ ಎಂದು ಬೆರಗಾಗುತ್ತಾರೆ. ಟೋಪಿ, ಗಡ್ಡ, ಕಣ್ಣಿಗೆ ಸುರ್ಮಾ ಬಳಿದರೆ ಮುಸ್ಲಿಂ ಆಯಿತು ಎನ್ನುವವರು, ಪಟಕಾ ಸುತ್ತಿದರೆ ಚಿಕ್ಕೋಡಿಯವನಾದ ಎನ್ನುವವರು, ಇಬ್ಬರೂ ಆ ಊರಿಗೆ ಹೋಗಿ ನೋಡಿದವರಲ್ಲ.

ರಜೆಯಲ್ಲಿ ಮಕ್ಕಳ ಕೈಗೆ ಒಂದು ಹಾಳೆ, ನಾಲ್ಕು ಬಣ್ಣದ ಪೆನ್ಸಿಲ್ ಕೊಡೋಣ. ನಿನ್ನ ಊರಿನ ಹೀರೊ ಕಾಲಿಗೆ ಏನು ಹಾಕುತ್ತಾನೆ, ನಮ್ಮ ಊರಿನ ಯಾವ ತೊಂದರೆಗೆ ಓಡಿ ಬರುತ್ತಾನೆ, ಹೆಣ್ಣಾದರೆ ಅವಳ ಶಾಲು ಗಾಳಿಗೆ ಹೇಗೆ ಹಾರುತ್ತದೆ ಎಂದು ಕೇಳೋಣ. ಬರೆದ ಮೇಲೆ ಕಪ್ಪು ಮಸಿ ಬಳಿದು ನೆರಳಿನ ಪರೀಕ್ಷೆ ಮಾಡಿಸಬಹುದು. ಕಾಮಿಕ್ಸಿನಲ್ಲಿ ಮಾತು ಬರೆಯಲು ಬಲೂನಿನಂಥ ಗುಳ್ಳೆ ಇರುತ್ತದಲ್ಲ, ಅದನ್ನು ಮಾತ್ರ ಮಗುವೇ ತುಂಬಲಿ. ಕನ್ನಡ ಲಿಪಿಯಲ್ಲಿ ಬರೆದ ಬ್ಯಾರಿ ಮಾತಿಗೆ ಆ ಗುಳ್ಳೆಯಲ್ಲಿ ಬೇಕಾದಷ್ಟು ಜಾಗ ಇದೆ.